ದೀಹದ ಹಕ್ಕಿ

ನವರಾತ್ರಿಯಲ್ಲಿ ಮೈಸೂರಿನ ಮನೆಗಳ ಗೊಂಬೆಯ ಮೆಟ್ಟಿಲುಗಳ ಮೇಲೆ ಮರದ ಗಿಳಿ ನವಿಲುಗಳು ಸಾಲುಗೂಡಿ ಕುಳಿತು, ನೋಡುವವರ ಕಣ್ಣಿಗೆ ಹಬ್ಬವಾಗುವುವು. ಆದರೆ ಮರದ ಹಕ್ಕಿಗೆ ಲೋಕದಲ್ಲಿ ಬೇರೊಂದು ಉದ್ಯೋಗವೂ ಉಂಟು. ಅಮೆರಿಕೆಯಲ್ಲಿ ವಸಂತವು ಬಂದೊಡನೆ ಬೇಟೆಗಾರನು ಹಗುರವಾದ ಮರದಲ್ಲಿ ಹೆಣ್ಣು ಟರ್ಕಿಕೋಳಿಯ ಆಕೃತಿಯನ್ನು ಕೆತ್ತಿ, ಹೊಳಪಿಲ್ಲದ ಬಣ್ಣವನ್ನು ಬಳಿದು, ಬಯಲಿನಲ್ಲಿ ನಿಲ್ಲಿಸಿ, ತಾನು ಪೊದೆಯ ಮರೆಯಲ್ಲಿ ಅಡಗುವನು. ಸಂಗಾತಿಯನ್ನರಸುವ ಗಂಡು ಗರಿಗೆದರಿ ಸಮೀಪಿಸುವುದು, ಗುಂಡಿಗೆ ಗುರಿಯಾಗುವುದು.

ಇದು ಪರದೇಶದ ಕಪಟವೆಂದು ಹೀಗಳೆಯಲು ಕನ್ನಡಿಗರಿಗೆ ಅಧಿಕಾರವಿಲ್ಲ. ತನ್ನ ಜಾತಿಯ ಪ್ರಾಣಿಗಳನ್ನೇ ಬಲೆಗೆ ಸೆಳೆಯುವಂತೆ ಪಳಗಿಸಿದ ಮೃಗಪಕ್ಷಿಗಳಿಗೆ 'ದೀವ', 'ದೀಹ' ಎಂಬ ಹೆಸರುಗಳು ಹಳೆಯ ಕನ್ನಡದಲ್ಲಿಯೇ ಇವೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ವು ಪಳಗಿದ ಜಿಂಕೆಯಿಂದ ಕಾಡುಜಿಂಕೆಯನ್ನು ಸೆಳೆಯುವುದನ್ನೂ ರಾಜನ ವಿನೋದದಲ್ಲಿ ಸೇರಿಸಿದೆ. ಹಳ್ಳಿಗಳಲ್ಲಿ ಪಂಜರದ ಕೌಜುಗವನ್ನು ಹೊಲದಲ್ಲಿಟ್ಟು ಕೂಗಿಸುತ್ತಿದ್ದರು. ತನ್ನ ನೆಲೆಯನ್ನುಳಿಸಿಕೊಳ್ಳಲೆಂದು ಕಾದಲು ಬಂದ ಕಾಡುಕೌಜುಗವು ಉರುಲಿಗೆ ಸಿಕ್ಕುತ್ತಿತ್ತು.

ಮರದ ದೀಹಕ್ಕೆ ಪಂಜರದ ನೋವಿಲ್ಲ, ಇದೊಂದು ಸಮಾಧಾನ. ಆದರೂ ಈ ಎರಡು ಬೇಟೆಗಳಲ್ಲಿಯೂ ಒಡ್ಡಿದ ಆಮಿಷವು ಕಾಳಲ್ಲ. ಅಲ್ಲಿ ಒಲವು, ಇಲ್ಲಿ ಅಭಿಮಾನ. ಹಸಿವಿನಿಂದ ಮೋಸಹೋದ ಜೀವಿಗಿಂತ ಒಲವಿನಿಂದ ಮೋಸಹೋದ ಜೀವಿಯ ಗತಿ ಹೆಚ್ಚು ಕರುಣಾಜನಕವಲ್ಲವೆ?

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅದರ 1991ರ ತಿದ್ದುಪಡಿಯೂ ಈ ದೇಶದಲ್ಲಿ ವಿನೋದದ ಬೇಟೆಗೆ ತಡೆಯೊಡ್ಡಿದುವು. ಕೆತ್ತುವ ಕೈಗೆ ಮಾತ್ರ ತಡೆಯಿಲ್ಲ. ಗೊಂಬೆಯ ಮೆಟ್ಟಿಲ ಮೇಲಿನ ಹಕ್ಕಿಯು ಯಾರ ಪ್ರಾಣವನ್ನೂ ಬೇಡದು; ಹಬ್ಬ ಮುಗಿದೊಡನೆ ಪೆಟ್ಟಿಗೆಯನ್ನು ಸೇರಿ, ಮರುವರ್ಷದ ಮಕ್ಕಳಿಗಾಗಿ ಕಾದಿರುವುದು.