ಕಲ್ಲಿದ್ದಲ ಗಾಡಿ ಕಲಿಸಿದ ಪಾಠ

ಮುಪ್ಪಿನಲ್ಲಿ ನಮಗೆ ಪಾಠ ಹೇಳುವವರು ಯಾವ ರೂಪದಲ್ಲಿ ಎದುರಾಗುವರೋ ಹೇಳಬರುವುದಿಲ್ಲ. ನನಗೆ ಅಂಥದೊಂದು ಪಾಠ ದೊರೆತದ್ದು ಹದಿನಾಲ್ಕು ವರ್ಷದ ಮೊಮ್ಮಗನಿಂದ. ಅದೂ ಅವನ ಗಣಕಯಂತ್ರದ ಆಟದಿಂದ.

ನಿವೃತ್ತನಾದ ಮೇಲೆ ಬಯಲುಸೀಮೆಯ ಮನೆಯನ್ನು ಬಿಟ್ಟು ಮಂಗಳೂರಿನ ವಾಮಂಜೂರಿನಲ್ಲಿ ಮಗನೊಡನೆ ನೆಲೆಸಿದ್ದೇನೆ. ಮೂಡುಬಿದಿರೆಯ ಹೆದ್ದಾರಿಯ ಸದ್ದಡಗಿದ ರಾತ್ರಿಗಳಲ್ಲಿ ಕುಲಶೇಖರದ ಕಡೆಯಿಂದ ಗೂಡ್ಸ್ ಗಾಡಿಯ ಕೂಗು ತೇಲಿಬರುತ್ತದೆ. ಅದನ್ನು ಕೇಳಿದಾಗಲೆಲ್ಲ ನನ್ನ ಮನಸ್ಸು ಹಿಂದಕ್ಕೆ ಹೋಗುತ್ತದೆ. ಏಕೆಂದರೆ ಮೂವತ್ತು ವರ್ಷಗಳಿಗೂ ಮಿಕ್ಕಿ ನಾನು ಒಂದು ವಿದ್ಯುತ್ ಕೇಂದ್ರದ ಕಲ್ಲಿದ್ದಲು ಇಳಿಸುವ ಅಂಗಳದಲ್ಲಿ ದುಡಿದವನು.

ಕಲ್ಲಿದ್ದಲ ಗಾಡಿ ಉಳಿದ ಗಾಡಿಗಳಂತಲ್ಲ. ಅದರಲ್ಲಿ ಇರುವುದು ಒಂದೇ ಸರಕು. ಹೊರಡುವ ಠಾವು ಒಂದು, ಸೇರುವ ಠಾವು ಒಂದು. ನಡುದಾರಿಯಲ್ಲಿ ವ್ಯಾಗನ್ನುಗಳನ್ನು ಬಿಡಿಸುವುದೂ ಇಲ್ಲ, ಕೂಡಿಸುವುದೂ ಇಲ್ಲ. ನಮ್ಮ ದೇಶದಲ್ಲಿ ಇಂಥ ಒಂದು ಗಾಡಿಗೆ ಸಾಮಾನ್ಯವಾಗಿ 58 ವ್ಯಾಗನ್ನುಗಳು. ಒಂದೊಂದರಲ್ಲಿ ಅರವತ್ತು ಟನ್ನಿನಷ್ಟು ಕಲ್ಲಿದ್ದಲು. ಪಣಂಬೂರಿನ ಬಂದರಿನಲ್ಲಿ ಹಡಗಿನಿಂದಿಳಿದ ಕಲ್ಲಿದ್ದಲು ಪಡುಬಿದ್ರಿ ಬಳಿಯ ಎಲ್ಲೂರಿನ 1200 ಮೆಗಾವಾಟ್ ವಿದ್ಯುತ್ ಕೇಂದ್ರಕ್ಕೆ ಸಾಗಿದ್ದೂ ಇಂಥ ಗಾಡಿಗಳಲ್ಲಿಯೇ.

ಮೊಮ್ಮಗನ ಆಟವನ್ನು ನಾನು ಬಹುಕಾಲ ಹಳಿಯುತ್ತಿದ್ದೆ. ಒಂದು ಸಂಜೆ ಅವನ ಕೋಣೆಯೊಳಕ್ಕೆ ಇಣುಕಿದಾಗ ಪರದೆಯ ಮೇಲೆ ಕಂಡದ್ದು ಕಲ್ಲಿದ್ದಲ ಗಾಡಿ! ನಾನು ಕುರ್ಚಿಯನ್ನು ಎಳೆದುಕೊಂಡು ಕುಳಿತೆ. ಆಟದ ಹೆಸರು ಟ್ರೈನ್ ಸಿಮ್ ವರ್ಲ್ಡ್. ಅಮೆರಿಕದ ಪೆನ್ಸಿಲ್ವೇನಿಯಾದ ಸ್ಯಾಂಡ್ ಪ್ಯಾಚ್ ಎಂಬ ಏರಿನಿಂದ ಮೇರಿಲ್ಯಾಂಡಿನ ಕಂಬರ್‌ಲ್ಯಾಂಡಿನತ್ತ ತುಂಬಿದ ಗಾಡಿಯನ್ನು ಇಳಿಸಬೇಕು. ಅಲ್ಲಿಯ ಇಳಿಜಾರು ಹೆಚ್ಚುಕಡಿಮೆ ನಮ್ಮ ಸಕಲೇಶಪುರದ ಘಟ್ಟದ್ದೇ. ಐವತ್ತು ಅಡಿ ಸಾಗಿದರೆ ಒಂದು ಅಡಿ ಇಳಿತ.

ಇಂಥ ಇಳಿಜಾರಿನಲ್ಲಿ ವೇಗವನ್ನು ನೆತ್ತಿಯ ಮೇಲೆಯೇ ತಗ್ಗಿಸಿಕೊಳ್ಳಬೇಕು. ಇಂಜಿನ್ನಿನ ಮೋಟಾರುಗಳನ್ನೇ ವಿದ್ಯುತ್ ಉತ್ಪಾದಿಸುವಂತೆ ತಿರುಗಿಸಿ ತಡೆಯುವ ಒಂದು ಬಗೆಯುಂಟು. ಅದಕ್ಕೆ ಗಾಳಿಬ್ರೇಕಿನ ನೆರವು. ಗಾಳಿಬ್ರೇಕನ್ನು ಪದೇ ಪದೇ ಹಾಕಿ ಬಿಡುತ್ತಿದ್ದರೆ ಕೊಳವೆಯ ಗಾಳಿ ಬರಿದಾಗುತ್ತದೆ. ಮತ್ತೆ ತುಂಬಲು ಹೊತ್ತು ಬೇಕು. ಆ ಹೊತ್ತನ್ನು ಇಳಿಜಾರು ಕೊಡುವುದಿಲ್ಲ. ಹುಡುಗ ಅವಸರಪಟ್ಟ. ಗಾಡಿ ಕೈಮೀರಿತು, ತಿರುವಿನಲ್ಲಿ ಹಳಿ ತಪ್ಪಿತು. ನಾನು ಬೆಚ್ಚಿ ಎದ್ದು ನಿಂತೆ. ಅವನು ನಕ್ಕು, "ಏನೂ ಆಗಲಿಲ್ಲ ಅಜ್ಜ, ಮತ್ತೆ ಮೊದಲಿಂದ ಶುರು ಮಾಡಿದರಾಯಿತು" ಎಂದ.

ಆ ಮಾತು ನನ್ನನ್ನು ಚುಚ್ಚಿತು. ಮೂರು ದಶಕಗಳಿಂದ ಹೆಂಡತಿಗೂ ಹೇಳದೆ ಇಟ್ಟುಕೊಂಡಿದ್ದ ಸಂಗತಿಯನ್ನು ಆ ಹುಡುಗನಿಗೆ ಹೇಳಿದೆ.

ಒಂದು ಮಳೆಯ ರಾತ್ರಿ. ಗಾಡಿಯನ್ನು ಗೊತ್ತಾದ ಗಂಟೆಗಳೊಳಗೆ ಬರಿದು ಮಾಡದಿದ್ದರೆ ರೈಲ್ವೆಗೆ ಡೆಮರೇಜ್ ತೆರಬೇಕು. ಹೊತ್ತು ಮೀರುತ್ತಿತ್ತು. ಕಡೆಯ ವ್ಯಾಗನ್ನುಗಳಲ್ಲೊಂದರ ಬಾಗಿಲು ಕಚ್ಚಿಕೊಂಡಿದ್ದುದರಿಂದ ಸಂಗಡಿಗನೊಬ್ಬ ಹಾರೆಯಿಂದ ಅದನ್ನು ಮೀಟುತ್ತಿದ್ದ. ಅವನು ಈಚೆಗೆ ಬಂದನೆಂದು ಭಾವಿಸಿ ನಾನು ಹಸಿರು ದೀಪ ಬೀಸಿದೆ. ಇಂಜಿನು ಹೊರಟಿತು. ಉದ್ದದ ಗಾಡಿ ಒಮ್ಮೆಗೇ ಚಲಿಸುವುದಿಲ್ಲ. ಕೊಂಡಿಕೊಂಡಿಗೂ ಒಂದಿಷ್ಟು ಸಡಿಲವಿರುತ್ತದೆ. ಅದು ಬಿಗಿಯುತ್ತ ಬರುವ ಖಣಖಣ ಸದ್ದು ಮುಂದಿನಿಂದ ನಮ್ಮ ಕಡೆಗೆ ಓಡಿಬಂದಿತು. ಕೂಗಿದೆ. ಸದ್ದು ನನ್ನ ಕೂಗಿಗಿಂತ ಮೊದಲು ಮುಟ್ಟಿತು. ಹಾರೆ ತಿರುಗಿ ಅವನ ಬಲಗೈಯ ಎರಡು ಬೆರಳುಗಳು ಹೋದವು. ವಿಚಾರಣೆಯಲ್ಲಿ ಕತ್ತಲೆಯ ಮೇಲೆ, ಮಳೆಯ ಮೇಲೆ ಹೊರಿಸಿದೆ. ದೀಪ ಬೀಸಿದ ಕೈ ನನ್ನದೆಂದು ಅವನೂ ಹೇಳಲಿಲ್ಲ.

ಹುಡುಗ ಬಹಳ ಹೊತ್ತು ಸುಮ್ಮನಿದ್ದು, "ಅವರು ಈಗ ಎಲ್ಲಿದ್ದಾರೆ ಅಜ್ಜ?" ಎಂದು ಕೇಳಿದ. ಉತ್ತರ ನನ್ನಲ್ಲಿರಲಿಲ್ಲ. ನಾನು ತಿಳಿಯಲು ಹೋಗಿರಲೇ ಇಲ್ಲ.

ಅವನು ಆಟವನ್ನು ಮತ್ತೆ ಮೊದಲಿಂದ ಹೂಡಿದ. ಈ ಸಲ ನೆತ್ತಿಯ ಮೇಲೆಯೇ ವೇಗವನ್ನಿಳಿಸಿ, ನನ್ನ ಮುಖವನ್ನೊಮ್ಮೆ ನೋಡಿ, ಆಮೆಯಂತೆ ಇಳಿಸಿದ. ಗಾಡಿ ಕ್ಷೇಮವಾಗಿ ತಳ ಸೇರಿತು.

ಮರುದಿನ ಹಳೆಯ ಸಹೋದ್ಯೋಗಿಗಳಿಗೆ ಪತ್ರ ಬರೆದೆ. ಆತ ಬದುಕಿದ್ದಾನೆ, ತನ್ನ ಊರಿನಲ್ಲಿ ಮಗಳ ಮನೆಯಲ್ಲಿದ್ದಾನೆ. ಮುಂದಿನ ತಿಂಗಳು ಹೋಗಿ ಕಾಣುವೆನೆಂದು ಹೇಳಿಕಳುಹಿಸಿದ್ದೇನೆ, ಮೊಮ್ಮಗನೂ ಬರುವನಂತೆ. ಸುಬ್ರಹ್ಮಣ್ಯ ರೋಡಿನಿಂದ ಸಕಲೇಶಪುರದವರೆಗಿನ 55 ಕಿಲೋಮೀಟರು ಘಟ್ಟವನ್ನು ಹಗಲಿನಲ್ಲಿ ಕಿಟಕಿಯ ಬಳಿ ಕುಳಿತು ನೋಡಬೇಕೆಂಬುದು ಅವನ ಆಸೆ.

ಅಲ್ಲಿ ಹೋಗಿ ಏನು ಹೇಳಲಿ ಎಂಬುದು ನನಗಿನ್ನೂ ಹೊಳೆದಿಲ್ಲ. ಆತ ಕ್ಷಮಿಸಲಿ, ಕ್ಷಮಿಸದಿರಲಿ; ದೀಪ ಬೀಸಿದವನು ನಾನೆಂಬ ಮಾತನ್ನಾದರೂ ಅವನ ಮನೆಯವರೆದುರಿಗೆ ಆಡಿ ಬರಬೇಕು. ಇಂಜಿನ್ನಿನ ಎಳೆತ ಕಡೆಯ ವ್ಯಾಗನ್ನನ್ನು ಮುಟ್ಟಲು ಹೊತ್ತು ಹಿಡಿಯುತ್ತದೆ. ನನ್ನನ್ನು ಮುಟ್ಟಲು ಮೂವತ್ತು ವರ್ಷ ಹಿಡಿಯಿತು.