ಹಗೇವು ತುಂಬಿದ್ರೂ ಹಿಟ್ಟಿಲ್ಲ

ಬಹಳ ದಿನಗಳಿಂದ ಇಲ್ಲಿ ಏನೂ ಬರೆದಿರಲಿಲ್ಲ. ಅಪ್ಪನ ಡಯಾಲಿಸಿಸ್, ಐರಣಿ-ರಾಣೇಬೆನ್ನೂರು ಓಡಾಟ, ರಿಪೋರ್ಟುಗಳ ಕಟ್ಟು... ಹೀಗೇ ದಿನ ಹೋದವು. ಇವತ್ತು ಬರೀತಿರೋದೂ ಆ ಕಟ್ಟಿನೊಳಗಿನ ಒಂದು ಹಾಳೆಯ ಬಗ್ಗೆಯೇ. ನಾನು ಮಾಡಿದ ತಪ್ಪಿನ ಬಗ್ಗೆ ಅಂದರೂ ಸರಿ.

ಅಪ್ಪನಿಗೆ ಡಯಾಲಿಸಿಸ್ ಶುರುವಾಗಿ ನಾಲ್ಕು ವರ್ಷ. ಪ್ರತಿ ಸಲ ಯಂತ್ರದ ನಳಿಗೆಗಳಲ್ಲಿ ಒಂದಿಷ್ಟು ರಕ್ತ ಉಳಿದುಬಿಡುತ್ತದೆ, ಪರೀಕ್ಷೆಗೆಂದು ಇನ್ನಷ್ಟು ಹೋಗುತ್ತದೆ. ಅದರ ಜೊತೆ ಕಬ್ಬಿಣವೂ ಹೋಗುತ್ತದೆ, ವರ್ಷಕ್ಕೆ 1ರಿಂದ 3 ಗ್ರಾಂ ಅಂತ ಅಂದಾಜು. ಆರೋಗ್ಯವಂತನ ಇಡೀ ಮೈಯಲ್ಲಿರುವುದೇ 3-4 ಗ್ರಾಂ! ಅದಕ್ಕೇ ಇವರಿಗೆ ಕಬ್ಬಿಣವನ್ನು ನರದ ಮೂಲಕ ಕೊಡುತ್ತಾರೆ.

ಒಮ್ಮೆ ರಿಪೋರ್ಟಿನಲ್ಲಿ ಫೆರಿಟಿನ್ 812 ಅಂತ ದಪ್ಪಕ್ಷರದಲ್ಲಿ ಬಂತು. ಫೆರಿಟಿನ್ ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಗುರುತು. ರಾತ್ರಿಯೆಲ್ಲ ಗೂಗಲ್ ಮಾಡಿ ಹೆದರಿದೆ. ತಮ್ಮನಿಗೆ ಫೋನ್ ಮಾಡಿ "ಕಬ್ಬಿಣದ ಇಂಜೆಕ್ಷನ್ ಸದ್ಯಕ್ಕ ಬ್ಯಾಡ ಅಂತ ಹೇಳು" ಅಂದೆ.

"ಏನಂತಪಾ ರಿಪೋರ್ಟು?" ಅಪ್ಪ ಕೇಳಿದ.

"ಕಬ್ಬಿಣ ಬಾಳ ಐತಂತಪ್ಪಾ. ಚಿಂತಿ ಮಾಡಬ್ಯಾಡ."

ಎರಡು ತಿಂಗಳಲ್ಲಿ ಹಿಮೋಗ್ಲೋಬಿನ್ 10ರಿಂದ 7.6ಕ್ಕೆ ಇಳಿಯಿತು. ದಿನಾ ತುಂಗಭದ್ರೆಯ ದಂಡೆವರೆಗೆ ನಡೆದು ಬರುತ್ತಿದ್ದ ಮನುಷ್ಯನಿಗೆ ಕಟ್ಟೆಯಿಂದ ಬಾಗಿಲಿಗೆ ಬರುವಷ್ಟರಲ್ಲಿ ಏದುಸಿರು.

ಡಾಕ್ಟರು ಇನ್ನೊಂದು ಲೆಕ್ಕ ಹಾಕಿ ತೋರಿಸಿದರು. ರಕ್ತದಲ್ಲಿ ಕಬ್ಬಿಣ ಹೊತ್ತು ತಿರುಗುವ ಗಾಡಿಯ ಹೆಸರು ಟ್ರಾನ್ಸ್‌ಫೆರಿನ್. ಆ ಗಾಡಿಗಳಲ್ಲಿ ಎಷ್ಟು ಪಾಲು ತುಂಬಿದೆ ಅನ್ನೋದೇ ಸ್ಯಾಚುರೇಷನ್. ಅಪ್ಪನ ರಕ್ತದಲ್ಲಿ ಕಬ್ಬಿಣ 28, ಹೊರುವ ಒಟ್ಟು ಶಕ್ತಿ 200. ಅಂದರೆ ಬರೀ 14 ಪರ್ಸೆಂಟು!

"ಹಂಗಾರ ಆ 812?" ಅಂದೆ.

ಕುತ್ತಿಗೆಯ ಕ್ಯಾತಿಟರ್ ಹತ್ತಿರ ಸೋಂಕಾಗಿತ್ತು. ಸೋಂಕು, ಉರಿಯೂತ ಇದ್ದರೆ ಫೆರಿಟಿನ್ ತಾನೇ ಏರುತ್ತದೆ. ಜೊತೆಗೆ ಲಿವರ್ ಹೆಪ್ಸಿಡಿನ್ ಅನ್ನೋ ಹಾರ್ಮೋನು ಬಿಟ್ಟು, ಕೂಡಿಟ್ಟ ಕಬ್ಬಿಣ ಹೊರಬರದಂತೆ ಬೀಗ ಹಾಕುತ್ತದೆ. ನಾನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ, ಅಪ್ಪ ಮಲಗಿದಲ್ಲಿಂದಲೇ ಅಂದ: "ಹಗೇವಿನಾಗ ಜ್ವಾಳ ತುಂಬೈತಿ, ಬಾಯಿ ಮ್ಯಾಲ ಕಲ್ಲು ಮುಚ್ಚೈತಿ. ಮನ್ಯಾಗ ಹಿಟ್ಟಿಲ್ಲ. ಹೌದಲ್ರಿ ಡಾಕ್ಟರ್ರ?"

ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ.

ಮೊದಲು ಸೋಂಕಿಗೆ ಔಷಧಿ, ಕ್ಯಾತಿಟರ್ ಬದಲಾವಣೆ. ಸೋಂಕು ಜೋರಾಗಿದ್ದಾಗ ನರಕ್ಕೆ ಕಬ್ಬಿಣ ಕೊಡಬಾರದಂತೆ. ಎಲ್ಲ ವಾಸಿಯಾದ ಮೇಲೆ ಐರನ್ ಸುಕ್ರೋಸ್, ಪ್ರತಿ ಡಯಾಲಿಸಿಸ್‌ಗೆ 100 ಮಿಲಿಗ್ರಾಂ, ಹತ್ತು ಸಲ. ಆಮೇಲೆ ಓದಿದೆ: 2007ರಲ್ಲಿ ಅಮೆರಿಕದಿಂದ ಬಂದ ಡ್ರೈವ್ ಅನ್ನೋ ಆರು ವಾರದ ಪುಟ್ಟ ಅಧ್ಯಯನದಲ್ಲಿ, ಫೆರಿಟಿನ್ 500ರಿಂದ 1200 ಇದ್ದೂ ಸ್ಯಾಚುರೇಷನ್ 25 ಪರ್ಸೆಂಟ್ ಅಥವಾ ಅದಕ್ಕಿಂತ ಕಡಿಮೆ ಇದ್ದವರಿಗೂ ಕಬ್ಬಿಣದಿಂದ ಹಿಮೋಗ್ಲೋಬಿನ್ ಚೆನ್ನಾಗಿ ಏರಿತ್ತು. ಹಾಗಂತ ಎಲ್ಲರಿಗೂ ಸುರಿಯೋದಲ್ಲ, ಹೆಚ್ಚಾದ ಕಬ್ಬಿಣ ಲಿವರಿನಲ್ಲಿ ಕೂರುತ್ತದೆ. ನಿರ್ಧಾರ ಡಾಕ್ಟರದು. ನಾನು ಕಲಿತದ್ದು ಇಷ್ಟೇ, ಒಂದೇ ಅಂಕಿ ಹಿಡಿದು ಕೂರಬಾರದು.

ನಿಮ್ಮ ಮನೆಯಲ್ಲೂ ಯಾರಾದರೂ ಡಯಾಲಿಸಿಸ್‌ನಲ್ಲಿದ್ದರೆ ಫೆರಿಟಿನ್ ಜೊತೆ ಸ್ಯಾಚುರೇಷನ್ನೂ ಕೇಳಿ. ಮೂರು ತಿಂಗಳಿಗೊಮ್ಮೆಯಾದರೂ ಎರಡನ್ನೂ ನೋಡಬೇಕು. ರಕ್ತವನ್ನು ಡಯಾಲಿಸಿಸ್ ಶುರುವಾಗುವ ಮೊದಲೇ ತೆಗೆಸಿ, ಹೊಸದಾಗಿ ಕಬ್ಬಿಣ ಕೊಟ್ಟಿದ್ದರೆ ಒಂದು ವಾರ ಬಿಟ್ಟು.

ಅಪ್ಪನ ಹಿಮೋಗ್ಲೋಬಿನ್ ಈಗ 10.2. ಮೊನ್ನೆ ಊರಿಗೆ ಹೋದಾಗ ಮನೆಯಲ್ಲಿರಲಿಲ್ಲ. ಎಲ್ಲಿ ಅಂದರೆ, "ಹೊಳಿ ಕಡೆ ಹೋಗ್ಯಾರ" ಅಂದಳು ಅವ್ವ.