ಹಕ್ಕಿ ಎಲ್ಲಿತ್ತು

ಕಳೆದ ಡಿಸೆಂಬರಿನಲ್ಲಿ ನಮ್ಮ ಪುಣೆ ಆಫೀಸಿನ ಫ್ಯಾಮಿಲಿ ಡೇಗೆ ಮನರಂಜನೆ ಗೊತ್ತುಮಾಡುವ ಕೆಲಸ ನನ್ನ ತಲೆಗೆ ಬಂತು. ಪ್ರಾಜೆಕ್ಟ್ ಮ್ಯಾನೇಜರ್ ಅಂದಮೇಲೆ ಶಾಮಿಯಾನಾದಿಂದ ಸಮೋಸಾ ತನಕ ಎಲ್ಲವೂ ಪ್ರಾಜೆಕ್ಟೇ ಎಂಬುದು ಎಚ್‌ಆರ್‌ನವರ ನಂಬಿಕೆ. ಮ್ಯಾಜಿಕ್ ಶೋದವರ ಕೊಟೇಶನ್ನಿನಲ್ಲಿ ಎರಡು ಸಾಲು ಇದ್ದವು. ಮುಕ್ಕಾಲು ಗಂಟೆಯ ಶೋಗೆ 14,000 ರೂಪಾಯಿ. ‘ಲೈವ್ ಡವ್ಸ್ ಮತ್ತು ರ್‍ಯಾಬಿಟ್ ಸಹಿತ’ ಬೇಕಾದರೆ 17,000. ಬರುವ ಮಕ್ಕಳು ಅರವತ್ತರ ಮೇಲೆ, ಬಜೆಟ್ಟಿನಲ್ಲಿ ದುಡ್ಡು ಉಳಿದಿತ್ತು. ಎಕ್ಸೆಲ್ ಶೀಟಿನಲ್ಲಿ ‘ಸಹಿತ’ದ ಮುಂದೆ ಟಿಕ್ ಹಾಕಿದೆ. ಹಾಕುವಾಗ ಕೈ ಒಂದು ಕ್ಷಣ ತಡೆದದ್ದು ನಿಜ. ಆದರೂ ಹಾಕಿದೆ. ಏನೂ ಗೊತ್ತಿಲ್ಲದೆ ಹಾಕಿದವರಿದ್ದರೆ ಬೇರೆ ಮಾತು, ನನಗೆ ಗೊತ್ತಿತ್ತು.

ನನ್ನ ಸೋದರಮಾವ ರಾಣೆಬೆನ್ನೂರು ಹತ್ತಿರದ ಒಂದು ಹಳ್ಳಿಯಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದ. ಜಾದೂ ಅವನ ಹುಚ್ಚು. ಸುತ್ತಲಿನ ಶಾಲೆಗಳ ಗ್ಯಾದರಿಂಗ್, ಜಾತ್ರೆ, ಗಣಪತಿ ಪೆಂಡಾಲು, ಎಲ್ಲಿ ಕರೆದರೂ ಪೆಟ್ಟಿಗೆ ಕಟ್ಟಿಕೊಂಡು ಹೊರಡುತ್ತಿದ್ದ. ದುಡ್ಡು ಕೊಟ್ಟರೆ ತೆಗೆದುಕೊಳ್ಳುತ್ತಿದ್ದ, ಶಾಲು ಹೊದಿಸಿದರೆ ಹೊದ್ದುಕೊಂಡು ಬರುತ್ತಿದ್ದ. ರಜೆಯಲ್ಲಿ ಅವನ ಮನೆಗೆ ಹೋದಾಗಲೆಲ್ಲ ನಾನೇ ಅವನ ಅಸಿಸ್ಟೆಂಟ್. ಕೆಂಪು ಸ್ಯಾಟಿನ್ ಅಂಗಿ, ತಲೆಗೆ ಮಿಂಚಿನ ಪಟ್ಟಿ. ಅವನ ಕಡೆಯ ಐಟಂ ಒಂದು ಹಿತ್ತಾಳೆ ಪಾತ್ರೆಯದು. ಪಾತ್ರೆಯಲ್ಲಿ ಬೆಂಕಿ ಹಚ್ಚಿ, ಮುಚ್ಚಳ ಮುಚ್ಚಿ, ಮಂತ್ರ ಹಾಕಿ ತೆಗೆದರೆ ಬೆಂಕಿಯ ಜಾಗದಲ್ಲಿ ಬಿಳಿ ಪಾರಿವಾಳ ಕುಳಿತಿರುತ್ತಿತ್ತು. ಜನ ಎದ್ದು ನಿಲ್ಲುತ್ತಿದ್ದರು.

ಗುಟ್ಟು ಯಾರಿಗೂ ಹೇಳುವುದಿಲ್ಲವೆಂದು ದೇವರ ಕೋಣೆಯಲ್ಲಿ ಅವನು ನನ್ನಿಂದ ಆಣೆ ಹಾಕಿಸಿದ್ದ. ಈಗಲೂ ಹೇಳುವುದಿಲ್ಲ. ಹಕ್ಕಿ ಎಲ್ಲಿತ್ತು ಎಂದಷ್ಟೇ ಹೇಳುತ್ತೇನೆ. ಊಟದ ಡಬ್ಬಿಯಷ್ಟು ಜಾಗದಲ್ಲಿ, ಕತ್ತಲಲ್ಲಿ, ಕಾಲು ಮಡಚಿಕೊಂಡು, ಬೆನ್ನಿಗೂ ಹೊಟ್ಟೆಗೂ ತಗಡು ತಾಗಿಸಿಕೊಂಡು ಇತ್ತು. ಅದನ್ನು ಅಲ್ಲಿ ಇಡುವುದು ನನ್ನ ಕೆಲಸ. ‘ಹತ್ತು ನಿಮಿಷಕ್ಕಿಂತ ಜಾಸ್ತಿ ಇಡಬ್ಯಾಡಲೇ ತಮ್ಮಾ,’ ಎಂದು ಮಾಮಾ ಪ್ರತಿಸಲ ಹೇಳುತ್ತಿದ್ದ. ಆ ಪಾರಿವಾಳಕ್ಕೆ ನಾನು ಮಲ್ಲಿಗೆ ಎಂದು ಹೆಸರಿಟ್ಟಿದ್ದೆ. ಜೋಳ ಹಾಕಿದರೆ ಅಂಗೈ ಮೇಲೆಯೇ ಕುಳಿತು ತಿನ್ನುತ್ತಿತ್ತು.

1992ರ ಜನವರಿ, ಒಂದು ಶಾಲೆಯ ಗ್ಯಾದರಿಂಗ್. ನನಗೆ 11 ವರ್ಷ. ಎಂಎಲ್‌ಎ ಸಾಹೇಬರ ಭಾಷಣ ಮುಗಿದ ಕೂಡಲೇ ನಮ್ಮ ಶೋ ಎಂದು ಮೈಕಿನಲ್ಲಿ ಹೇಳಿದರು. ಅವರು ಮಾತು ಶುರುಮಾಡುತ್ತಲೇ ಮಲ್ಲಿಗೆಯನ್ನು ಒಳಗಿಟ್ಟೆ. ಸ್ಟೇಜಿನ ಹಿಂದೆ ನಾಟಕದ ಹುಡುಗರಿಗೆ ಮಂಡಕ್ಕಿ ಮಿರ್ಚಿ ಹಂಚುತ್ತಿದ್ದರು, ಅಲ್ಲಿಗೆ ಹೋದೆ. ಮಿರ್ಚಿ ಬಿಸಿ ಇತ್ತು. ಹುಡುಗರ ಜೊತೆ ಮಾತಿಗೆ ನಿಂತೆ. ಭಾಷಣ ಕೇಳಿಸುತ್ತಲೇ ಇತ್ತು, ಅದು ಮುಗಿಯಲಿಲ್ಲ ಎಂಬುದೂ ಗೊತ್ತಾಗುತ್ತಿತ್ತು. ಹಕ್ಕಿ ಮಾತ್ರ ತಲೆಯಿಂದ ಹೋಗಿತ್ತು.

ಕಡೆಯ ಐಟಂ ಬಂತು. ಬೆಂಕಿ ಹತ್ತಿತು, ಆರಿತು. ಮಾಮಾ ಮುಚ್ಚಳ ತೆಗೆದ. ಅವನ ಮುಖದಲ್ಲಿ ಏನೂ ಬದಲಾಗಲಿಲ್ಲ. ಎರಡೂ ಕೈಯಲ್ಲಿ ಹಕ್ಕಿಯನ್ನು ಎತ್ತಿ, ಅದರ ತಲೆಗೆ ಹೆಬ್ಬೆರಳಿನ ಆಸರೆ ಕೊಟ್ಟು ಜನಕ್ಕೆ ತೋರಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಎಂಎಲ್‌ಎ ಕೂಡ ತಟ್ಟಿದರು. ಪಕ್ಕದಲ್ಲಿ ನಿಂತಿದ್ದ ನನಗೆ ಮಾತ್ರ ಆ ಹೆಬ್ಬೆರಳು ಕಾಣುತ್ತಿತ್ತು.

ಶಾಲೆಯ ಮೈದಾನದಾಚೆ ಬೇವಿನ ಬುಡದಲ್ಲಿ ಹೂತೆವು. ಮಾಮಾ ನನಗೆ ಬೈಯಲಿಲ್ಲ. ಊರಿಗೆ ಬಂದಮೇಲೆ ಅವ್ವ ಕೇಳಿದಾಗ ಬೆಕ್ಕು ಹಿಡೀತು ಎಂದೆ. ಗುಟ್ಟು ಕಾಪಾಡಿದ್ದು ಹಾಗೆ. ಹದಿನೈದು ದಿನದಲ್ಲಿ ಮಾಮಾ ಸಂತೆಯಿಂದ ಮತ್ತೊಂದು ಜೋಡಿ ತಂದ. ಇಡುವ ಕೆಲಸ ನನಗೆ ಮತ್ತೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಎಂಟೆಕ್ ಮುಗಿಸಿ ಪುಣೆಗೆ ಬಂದ ಹೊಸತರಲ್ಲಿ, 2006ರಲ್ಲಿ ಬಂದ ಕ್ರಿಸ್ಟೋಫರ್ ನೋಲನ್ನರ ‘ದಿ ಪ್ರೆಸ್ಟೀಜ್’ ಸಿನಿಮಾವನ್ನು ರೂಮ್‌ಮೇಟುಗಳ ಜೊತೆ ನೋಡಿದೆ. ಅದರಲ್ಲಿ ಪಂಜರ ಸಮೇತ ಹಕ್ಕಿ ಮಾಯವಾಗುತ್ತದೆ. ಜಾದೂಗಾರ ನಗುತ್ತ ಹಕ್ಕಿಯೊಂದನ್ನು ತೋರಿಸಿದರೂ ಒಬ್ಬ ಪುಟ್ಟ ಹುಡುಗ ನಂಬುವುದಿಲ್ಲ. ಅಷ್ಟರಲ್ಲೇ ನಾನು ಎದ್ದು ಬಾಲ್ಕನಿಗೆ ಹೋದೆ. ಸಿಗರೇಟ್ ಸೇದೋಕೆ ಹೋದ ಎಂದುಕೊಂಡರು. ನಾನು ಸಿಗರೇಟೇ ಸೇದುವವನಲ್ಲ.

ಆ ಪಂಜರದ ಆಟ ಕಟ್ಟುಕಥೆಯಲ್ಲ. 1870ರ ದಶಕದಲ್ಲಿ ಬುವಾತಿಯೆ ದ ಕೋಲ್ಟಾ ಎಂಬ ಫ್ರೆಂಚ್ ಜಾದೂಗಾರ ಕಂಡುಹಿಡಿದದ್ದು. ಮುಂದೆ ಕಾರ್ಲ್ ಹರ್ಟ್ಸ್ ಎಂಬ ಅಮೆರಿಕನ್ ಅದರಲ್ಲಿ ಹೆಸರು ಮಾಡಿದ. ಪ್ರತಿ ಆಟಕ್ಕೂ ಒಂದು ಹಕ್ಕಿ ಸಾಯುತ್ತದೆ ಎಂಬ ದೂರು ಎದ್ದಾಗ 1921ರಲ್ಲಿ ಅವನು ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯ ಎದುರು ಅದೇ ಆಟ ಮಾಡಿ ಹಕ್ಕಿ ಬದುಕಿದೆ ಎಂದು ತೋರಿಸಬೇಕಾಯಿತು. ಅದು ಬದುಕಿಯೇ ಇತ್ತು. 1925ರಲ್ಲಿ ಅಲ್ಲಿ ಪ್ರಾಣಿ ಪ್ರದರ್ಶಕರು ನೋಂದಣಿ ಮಾಡಿಸಬೇಕೆಂದು ಕಾಯಿದೆ ಬಂತು.

ಈ ಪ್ರಸಂಗ ಓದಿದಾಗ ಸಾಫ್ಟ್‌ವೇರಿನವನ ಬುದ್ಧಿ ನನಗೆ. ಕ್ಲೈಂಟ್ ಎದುರಿನ ಡೆಮೊ ಒಮ್ಮೆ ಸರಿಯಾಗಿ ನಡೆದರೆ ಪ್ರೊಡಕ್ಷನ್ನಿನಲ್ಲಿ ದಿನವೂ ನಡೆಯುತ್ತದೆ ಎಂದೇನೂ ಅಲ್ಲವಲ್ಲ. ಸಮಿತಿ ನೋಡಿದ್ದು ಆ ದಿನದ, ಆ ಹಕ್ಕಿಯನ್ನು. ಸರ್ಕಸ್ಸಿನಲ್ಲಿ ಚಾಟಿ ಕಾಣುತ್ತದೆ, ಬೋನು ಕಾಣುತ್ತದೆ, ಸಿಂಹದ ಪಕ್ಕೆಲುಬು ಕಾಣುತ್ತದೆ. ಕಂಡವರು ದೂರು ಕೊಟ್ಟರು, ನಮ್ಮ ದೇಶದಲ್ಲಿ ಹುಲಿ, ಸಿಂಹ, ಚಿರತೆ, ಕರಡಿ, ಮಂಗ ಆಡಿಸುವುದು ನಿಂತಿತು. ಜಾದೂವಿನಲ್ಲಿ ಹಾಗಲ್ಲ. ಪ್ರಾಣಿಗೆ ಕಷ್ಟವಾಗುವ ಹೊತ್ತು ಯಾವುದೋ ಅದೇ ಹೊತ್ತನ್ನು ಜನರಿಂದ ಮುಚ್ಚಿಡುವುದೇ ಅಲ್ಲಿಯ ಕಸುಬು. ನೋಡುವವರು ನೋಡಬಾರದು ಎಂಬುದೇ ಒಪ್ಪಂದ. ಜಾದೂಗಾರ ಎಷ್ಟೇ ಒಳ್ಳೆಯವನಾದರೂ ‘ಬನ್ನಿ, ನನ್ನ ಹಕ್ಕಿ ಎಲ್ಲಿದೆ, ಹೇಗಿದೆ ನೋಡಿ’ ಎನ್ನುವಂತಿಲ್ಲ. ಅಂದರೆ ಆಟ ಮುಗಿಯಿತು. ನೋಡಬಲ್ಲವರು ಒಳಗಿನವರಷ್ಟೇ, ಅವರು ಆಣೆ ಹಾಕಿರುತ್ತಾರೆ.

ಡಿಸೆಂಬರಿನ ಆ ಶನಿವಾರಕ್ಕೆ ಬರುತ್ತೇನೆ. ಮ್ಯಾಜಿಕ್ಕಿಗೆ ಮುಂಚೆ ನಮ್ಮ ದೊಡ್ಡ ಸಾಹೇಬರ ಹತ್ತು ನಿಮಿಷದ ಮಾತು ಇತ್ತು. ಲ್ಯಾಪ್‌ಟಾಪ್ ಜೋಡಿಸಿದ್ದು ನೋಡಿದಾಗಲೇ ನನಗೆ ಅನುಮಾನ. ಇಪ್ಪತ್ತು ನಿಮಿಷವಾದರೂ ಅವರು ಮುಂದಿನ ವರ್ಷದ ರೋಡ್‌ಮ್ಯಾಪಿನಲ್ಲೇ ಇದ್ದರು. ಮಕ್ಕಳು ಬಲೂನು ಒಡೆಯುತ್ತಿದ್ದರು. ಮೊದಲ ಸಾಲಿನಲ್ಲಿ ಕುಳಿತು ವಾಚು ನೋಡುತ್ತಿದ್ದ ನನಗೆ ಇದ್ದಕ್ಕಿದ್ದ ಹಾಗೆ ಮಿರ್ಚಿಯ ವಾಸನೆ ಬಂತು. ಕೆಫೆಟೇರಿಯಾದಲ್ಲಿ ಅಂದು ಮಿರ್ಚಿ ಇರಲೇ ಇಲ್ಲ. ಎದ್ದು ಹೊರಟೆ. ಎಚ್‌ಆರ್ ಹುಡುಗಿ ಕಣ್ಣಲ್ಲೇ ‘ಕೂತ್ಕೊಳ್ಳಿ’ ಎಂದಳು.

ಸ್ಟೋರ್ ರೂಮಿನಲ್ಲಿ ಜರಿ ಕೋಟಿನ ಜಾದೂಗಾರ ತನ್ನ ಹುಡುಗನಿಗೆ ‘ಏ, ಆ ಚೀಲ ಇಕಾಡಿ ತಾರೋ’ ಎನ್ನುತ್ತಿದ್ದ. ಕನ್ನಡ ಕೇಳಿ ನಾನೂ ಕನ್ನಡದಲ್ಲೇ ಶುರುಮಾಡಿದೆ.

‘ಹಕ್ಕಿ ಒಳಗ ಇಟ್ಟು ಎಷ್ಟೊತ್ತಾತ್ರಿ?’

ಅವನು ಬೆಚ್ಚಿದ. ಕನ್ನಡಕ್ಕೋ ಪ್ರಶ್ನೆಗೋ ತಿಳಿಯಲಿಲ್ಲ. ‘ಸರ ಕನ್ನಡದವರೇನ್ರಿ? ನಮ್ದು ಅಕ್ಕಲಕೋಟ ಕಡೀದ್ರಿ.’

‘ಇಟ್ಟು ಎಷ್ಟೊತ್ತಾತು?’

‘ಐದ ಮಿನಿಟಿನ್ಯಾಗ ಸ್ಟೇಜ್ ಅಂತ ನಿಮ್ಮ ಮ್ಯಾಡಮ್ ಹೇಳಿದ್ರಲ್ರಿ, ಆವಾಗ ಇಟ್ಟೇನ್ರಿ.’

‘ತಗೀರಿ.’

‘ತಗದ್ರ ಮತ್ತ ಸೆಟ್ ಮಾಡಾಕ ಟೈಮ್ ಬೇಕ್ರಿ ಸರ. ಸಾಹೇಬ್ರು ಈಗ ಮುಗಸ್ತಾರಲ್ರಿ?’

‘ಇನ್ನೂ ಹನ್ನೆರಡು ಸ್ಲೈಡ್ ಅದಾವ. ಮೊದ್ಲ ತಗೀರಿ.’

ಅವನು ನನಗೆ ಬೆನ್ನು ಮಾಡಿ ನಿಂತು ತೆಗೆದ. ಗುಟ್ಟು ಗುಟ್ಟೇ. ಎರಡು ಬಿಳಿ ಹಕ್ಕಿ. ಒಂದು ಕೊಕ್ಕು ತೆರೆದುಕೊಂಡು ಏದುಸಿರು ಬಿಡುತ್ತಿತ್ತು. ನಮಗಿರುವಂಥ ವಪೆ ಹಕ್ಕಿಗಿಲ್ಲ, ಎದೆಯ ಮೂಳೆ ಮುಂದೆ ಹಿಂದೆ ಆಡಿದರೇ ಅದಕ್ಕೆ ಉಸಿರು. ಎದೆ ಆಡಲು ಜಾಗವಿಲ್ಲದ ಕಡೆ ಇಟ್ಟರೆ ಮೂಗಿನ ಮುಂದೆ ಎಷ್ಟು ಗಾಳಿ ಇದ್ದರೂ ಉಪಯೋಗವಿಲ್ಲ. ಇದನ್ನು ನಾನು ಓದಿ ತಿಳಿದದ್ದು ಮಲ್ಲಿಗೆ ಸತ್ತು ಎಷ್ಟೋ ವರ್ಷದ ಮೇಲೆ. ಮಾಮಾ ಪಾತ್ರೆಗೆ ತೂತು ಕೊರೆಸಿದ್ದ, ಗಾಳಿಗೆ ಅಂತ.

ಪೇಪರ್ ಕಪ್ಪಿನಲ್ಲಿ ನೀರಿಟ್ಟೆ. ಒಂದು ತಕ್ಷಣ ಕೊಕ್ಕು ಅದ್ದಿ, ತಲೆ ಎತ್ತದೆ ಹೀರಿತು. ಪಾರಿವಾಳದ ಜಾತಿ ಕುಡಿಯುವುದೇ ಹಾಗೆ. ಏದುಸಿರಿನದು ಸುಮ್ಮನೆ ನಿಂತಿತ್ತು. ಕೆಳಗಿನ ಪೆಟ್ಟಿಗೆಯಲ್ಲಿ ಮೊಲ ಮುದ್ದೆಯಾಗಿ ಕುಳಿತಿತ್ತು. ‘ಅದು ಭಾಳ ಸಾಧು ಐತ್ರಿ, ಮಿಸುಕಾಡೂದಿಲ್ಲ,’ ಎಂದ. ಮೊಲ ಹೆದರಿದಾಗಲೂ ಮಿಸುಕಾಡುವುದಿಲ್ಲ ಎಂದು ಹೇಳಲು ಹೋಗಿ ಸುಮ್ಮನಾದೆ. ಅವನಿಗೂ ಗೊತ್ತಿರಬಹುದು.

‘ಹಕ್ಕಿ, ಮೊಲ ಬಿಟ್ಟು ಮಾಡ್ರಿ. ಪೂರ್ತಿ ರೊಕ್ಕ ಕೊಡತೇನಿ,’ ಎಂದೆ.

ಅವನಿಗೆ ಅವಮಾನವಾಯಿತು. ‘ಸಿಟ್ಟ ಆಗಬ್ಯಾಡ್ರಿ ಸರ. ಮನ್ಯಾಗ ಇವು ನನ್ನ ಮಕ್ಕಳಂಗ ಅದಾವ. ನಾ ಎರಡೂ ರೇಟ್ ಕಳಿಸಿದ್ನಿ. ನೀವ ಬೇಕಂದ್ರಿ. ಹಕ್ಕಿ ಇಲ್ಲದ ಫೋಟೋ ಹಾಕಿದ್ರ ಯಾರೂ ಫೋನ ಸುದ್ದಾ ಮಾಡೂದಿಲ್ರಿ.’

ನಾನು ಏನು ಹೇಳಲಿ? ಮಕ್ಕಳ ಹಾಗೆ ನೋಡಿಕೊಳ್ಳುತ್ತಾನೆ ಎಂಬುದನ್ನು ನಂಬುತ್ತೇನೆ. ಮಾಮಾ ಕೂಡ ಮಲ್ಲಿಗೆಗೆ ಜೋಳ ಹಾಕದೆ ತಾನು ಉಣ್ಣುತ್ತಿರಲಿಲ್ಲ. ಇಲ್ಲಿ ಪ್ರೀತಿ ಕಡಿಮೆಯಾಗಿ ಆದದ್ದು ಯಾವುದೂ ಇಲ್ಲ. ಒಂದು ಭಾಷಣ ಉದ್ದವಾಯಿತು, ಅಷ್ಟೇ. ನಮ್ಮ ಕಡೆ ಯಾವ ಭಾಷಣ ಹೊತ್ತಿಗೆ ಮುಗಿದಿದೆ?

ಆಮೇಲೆ ಕಾಯಿದೆ ತೆಗೆದು ನೋಡಿದೆ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಲ್ಲಿ ಪ್ರದರ್ಶನದ ಪ್ರಾಣಿಗಳ ಅಧ್ಯಾಯ ಟಿಕೆಟ್ ಕೊಂಡು ಜನ ಬರುವ ಮನರಂಜನೆಯ ಬಗ್ಗೆ ಮಾತಾಡುತ್ತದೆ. ನಮ್ಮ ಫ್ಯಾಮಿಲಿ ಡೇಗೆ ಟಿಕೆಟ್ ಎಲ್ಲಿ? ಆದರೆ ಅದೇ ಕಾಯಿದೆಯ 11ನೇ ಕಲಮಿನಲ್ಲಿ, ಮಿಸುಕಾಡಲು ಸಾಕಷ್ಟು ಎತ್ತರ, ಉದ್ದ, ಅಗಲವಿಲ್ಲದ ಪೆಟ್ಟಿಗೆಯಲ್ಲಿ ಪ್ರಾಣಿಯನ್ನು ಇಡುವುದೇ ಅಪರಾಧ ಎಂದಿದೆ. ಅದಕ್ಕೆ ಟಿಕೆಟ್ ಬೇಕಿಲ್ಲ. ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ನಾನು ಹೆಚ್ಚುವರಿ ಕೊಟ್ಟದ್ದು 3,000.

ಅವನು ಹಕ್ಕಿಯಿಲ್ಲದೆಯೇ ಮಾಡಿದ. ಚೆನ್ನಾಗಿಯೇ ಮಾಡಿದ, ಹಗ್ಗ ಕತ್ತರಿಸಿ ಜೋಡಿಸಿದ, ಹರಿದ ಲೋಕಸತ್ತಾ ಪೇಪರನ್ನು ಇಡಿಯಾಗಿಸಿದ, ದೊಡ್ಡ ಸಾಹೇಬರ ಕಿವಿಯಿಂದ ನಾಣ್ಯ ಉದುರಿಸಿದ. ಆಗ ಬಿದ್ದಷ್ಟು ಚಪ್ಪಾಳೆ ರೋಡ್‌ಮ್ಯಾಪಿಗೆ ಬಿದ್ದಿರಲಿಲ್ಲ. ಆದರೂ ಫೀಡ್‌ಬ್ಯಾಕ್ ಫಾರ್ಮಿನಲ್ಲಿ ಮೊಲ ಬರುತ್ತದೆ ಎಂದು ಹೇಳಿ ತರಲಿಲ್ಲವೆಂದು ನಾಲ್ವರು ಬರೆದರು. ನಾಲ್ಕನೆಯದು ನನ್ನ ಮಗಳ ಅಕ್ಷರ. ಒಂಬತ್ತು ವರ್ಷ ಅವಳಿಗೆ. ಕಾರಿನಲ್ಲಿ ಅವಳಿಗೆ ಮಲ್ಲಿಗೆಯ ಕಥೆ ಪೂರ್ತಿ ಹೇಳಿದೆ, ಬೆಕ್ಕಿನ ಸುಳ್ಳಿನ ಸಮೇತ. ‘ಅಜ್ಜಿಗೆ ಈಗ್ಲಾದ್ರೂ ಹೇಳಿದ್ದೀಯಾ?’ ಎಂದಳು. ಹೇಳಿರಲಿಲ್ಲ.

ಸಹೋದ್ಯೋಗಿಯೊಬ್ಬ ಕೇಳಿದ, ಆವತ್ತೇ 180 ಪ್ಲೇಟ್ ಚಿಕನ್ ಬಿರಿಯಾನಿ ಖರ್ಚಾಯಿತಲ್ಲ, ಅದರ ಲೆಕ್ಕ ಎಲ್ಲಿ? ಅದರಲ್ಲಿ ಒಂದು ಪ್ಲೇಟು ನನ್ನದೇ. ನನ್ನ ಹತ್ತಿರ ಉತ್ತರವಿಲ್ಲ. ಬಿರಿಯಾನಿಯ ವಿಷಯದಲ್ಲಿ ನಾನು ಗೆಲ್ಲದಿದ್ದರೂ ಆ ಡಬ್ಬಿಯ ಮುಚ್ಚಳ ತೆಗೆಸಬೇಕಿತ್ತು ಅನ್ನಿಸುತ್ತದೆ.

ಆ ರಾತ್ರಿ ಮೊದಲು ಅವ್ವನಿಗೆ ಫೋನು ಮಾಡಿದೆ. ‘ಬೆಕ್ಕು ಹಿಡದಿದ್ರ ಪುಕ್ಕ ಬಿದ್ದಿರತಿದ್ವು. ನನಗ ಆವಾಗ್ಲೇ ಗೊತ್ತಿತ್ತು ಬಿಡು,’ ಎಂದಳು. ಆಮೇಲೆ ಮಾಮಾನಿಗೆ. ಅವನಿಗೆ ಈಗ ಎಪ್ಪತ್ತು ದಾಟಿದೆ, ಕೈ ನಡುಗುತ್ತದೆ, ಇಸ್ಪೀಟು ಕೂಡ ಹಿಡಿಯುವುದಿಲ್ಲ. ಆಫೀಸಿನ ಕಥೆ ಹೇಳಿ, ‘ಆವತ್ತ ಎಂಎಲ್‌ಎ ಎಷ್ಟೊತ್ತು ಮಾತಾಡಿದ್ರು, ನೆನಪೈತೇನು ಮಾಮಾ?’ ಎಂದು ಕೇಳಿದೆ.

‘ಮುಕ್ಕಾಲು ತಾಸು,’ ಎಂದ. ಯೋಚನೆಯನ್ನೇ ಮಾಡಲಿಲ್ಲ. ‘ನಾ ಮುಂದಿನ ಸಾಲಿನ್ಯಾಗ ಗಡಿಯಾರ ನೋಡಕೋಂತ ಕುಂತಿದ್ದೆ. ಎದ್ದು ಒಳಗ ಬಂದಿದ್ರ ಆಗತಿತ್ತು. ದೊಡ್ಡವರು ಮಾತಾಡೂಮುಂದ ಎದ್ದು ಹೋಗೂದು ಹ್ಯಾಂಗ ಅಂತ ಕುಂತೆ.’

ನನಗೆ ಮಾತು ಹೊರಡಲಿಲ್ಲ. ಇಷ್ಟು ವರ್ಷ ಮಿರ್ಚಿ ತಿನ್ನುತ್ತ ನಿಂತವನು ನಾನೊಬ್ಬನೇ ಎಂದುಕೊಂಡಿದ್ದೆ.

‘ನಿಮ್ಮ ಹಕ್ಕಿ ನೀರು ಕುಡದ್ವೇನು?’ ಮಾಮಾ ಕೇಳಿದ.

‘ಕುಡದ್ವು.’

‘ಎರಡೂ?’

‘ಒಂದು ಸ್ವಲ್ಪ ತಡ ಮಾಡ್ತು. ಆಮ್ಯಾಲ ಅದೂ ಕುಡೀತು ಮಾಮಾ.’